ದೊಡ್ಡ ಕ್ಯಾಮು, ಸಣ್ಣ ಕ್ಯಾಮು

ದಿನಾ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ನನಗೆ ಸಿಟ್ಟು ಬರುತ್ತದೆ. ಆ ಹೊತ್ತಿಗೆ ನಮ್ಮ ತೋಟದ ಮೇಸ್ತ್ರಿ ಶೀನ, ಗೋದಾಮಿನ ಮುಂದೆ ನೇತುಹಾಕಿರುವ ರೈಲುಹಳಿಯ ತುಂಡಿಗೆ ಢಣಢಣ ಬಾರಿಸಿ ಕೆಲಸದವರನ್ನು ಕರೆಯುತ್ತಾನೆ. ಬಾರಿಸಲು ಅವನ ಕೈಯಲ್ಲಿರುವುದು ಮೊಳಕ್ಕಿಂತ ಸ್ವಲ್ಪ ಉದ್ದದ ಒಂದು ಕಬ್ಬಿಣದ ಸರಳು. ಅದರ ಮೈಮೇಲೆ ಎಂಟು ಉಬ್ಬುಗಳಿವೆ. ಅವುಗಳಲ್ಲಿ ಒಂದು ಸವೆದು ಸವೆದು ಬೋಳಾಗಿದೆ. ಅದು ನನ್ನ ಕಾರಿನ ಹಳೆಯ ಕ್ಯಾಮ್‌ಶಾಫ್ಟು. ಇಂಜಿನ್ನಿನಿಂದ ತೆಗೆದದ್ದನ್ನು ಮನೆಗೆ ತಂದ ದಿನ ನನ್ನ ಗಂಡ ಅದನ್ನು ಕೈಯಲ್ಲಿ ತೂಗಿ ನೋಡಿ, "ಒಳ್ಳೆ ಕಬ್ಬಿಣ, ಎಸೆಯೂದೆಂತಕ್ಕೆ" ಎಂದು ಶೀನನಿಗೆ ಕೊಟ್ಟರು. ಅದರ ಸದ್ದು ಕೇಳಿದರೆ ಬೇರೆಯವರಿಗೆ ಕೆಲಸ ನೆನಪಾಗುತ್ತದೆ, ನನಗೆ ಗಂಡ ನೆನಪಾಗುತ್ತಾರೆ. ಅವರು ಎದುರಿಗೇ ಕೂತು ಕಾಫಿ ಕುಡಿಯುತ್ತಿರುತ್ತಾರೆ, ಅದು ಬೇರೆ ವಿಷಯ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕೊಟ್ಟಿಗೆಹಾರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ ಕಡೆ ಹೊರಟರೆ ನಾಯಿಗಳು ಎದ್ದು ಬೇರೆ ದಾರಿ ಹಿಡಿಯುತ್ತವೆಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಯಾರ ಹತ್ತಿರವೋ ಹೇಳಿದ್ದರಂತೆ. ಅವರನ್ನು ಕರೆದು ವಿಚಾರಿಸಿದೆ. ಹೇಳಿಲ್ಲ ಎಂದರು. ಆಗ ಅವರ ಕಾಲ ಬಳಿ ಮಲಗಿದ್ದ ನಾಯಿ ಎದ್ದು ಹೋಯಿತು. ಇಷ್ಟೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಈ ಕ್ಯಾಮಿನ ವಿಷಯದಲ್ಲಿ ನನ್ನ ಸಿಟ್ಟು ನ್ಯಾಯವಾದದ್ದು. ನೀವೇ ಕೇಳಿ ನೋಡಿ.

ಕಾರು ಕಾಂಟೆಸ್ಸಾ. ಉದ್ದನೆಯ ಮೂತಿ, ಅಗಲವಾದ ಹೆಗಲು. ಈಗಿನ ಹುಡುಗರು ಇದನ್ನು ಮಸಲ್ ಕಾರ್ ಎನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಫೋನ್ ಹಿಡಿದು ಸುತ್ತು ಬರುತ್ತಾರೆ. ನನ್ನ ಅಪ್ಪ ಕೊಂಡಾಗ ಅದಕ್ಕೆ ಮೈ ಇತ್ತು, ಬಲ ಇರಲಿಲ್ಲ. ಖಾಲಿ ಇದ್ದಾಗಲೂ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಆದರೂ ಅಪ್ಪ ಅದನ್ನು ಬೈಯುತ್ತ ಬೈಯುತ್ತ ಇಟ್ಟುಕೊಂಡರು. ಕೊನೆಗೆ ತೋಟ ಅಣ್ಣನ ಹೆಸರಿಗೆ ಹೋಯಿತು, ಮನೆ ಅಣ್ಣನಿಗೆ ಹೋಯಿತು, ಕಾರು ನನಗೆ ಬಂತು. ಅಣ್ಣನಿಗೆ ಅದು ಬೇಡವಾಗಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಈಗ ನಾನು ದಿನವಿಡೀ ದುಡಿಯುವ ತೋಟ ಗಂಡನ ಹೆಸರಿನಲ್ಲಿದೆ. ಟ್ರ್ಯಾಕ್ಟರು ಮಾವನವರ ಹೆಸರಿನಲ್ಲಿ, ಪಿಕಪ್ಪು ಮೈದುನನ ಹೆಸರಿನಲ್ಲಿ. ಸುಜಾತ ಎಂದು ಸರ್ಕಾರದ ಕಾಗದದಲ್ಲಿ ಅಚ್ಚಾಗಿರುವುದು ಆಧಾರ್ ಬಿಟ್ಟರೆ ಆ ಕಾರಿನ ಆರ್.ಸಿ. ಪುಸ್ತಕದಲ್ಲಿ ಮಾತ್ರ. ಹಾಗಾಗಿ ಅದರ ಒಂದು ನಟ್ಟನ್ನು ಯಾರಾದರೂ ನನ್ನನ್ನು ಕೇಳದೆ ತಿರುಗಿಸಿದರೂ ನನ್ನ ಕೈ ತಿರುಗಿಸಿದಂತೆ ನೋವಾಗುತ್ತದೆ.

ಕಾರು ಬಿಡಲು ಕಲಿತದ್ದು ಕಣದಲ್ಲಿ. ಕಾಫಿ ಒಣಗಿಸುವ ಕಣ ಎಂದರೆ ನಿಮಗೆ ಗೊತ್ತಲ್ಲ, ಸಿಮೆಂಟು ಹಾಕಿದ ಬಯಲು. ಕೊಯ್ಲು ಮುಗಿದು ಕಣ ಬಹುಪಾಲು ಖಾಲಿಯಾದ ಮೇಲೆ ಅಪ್ಪ ಅಣ್ಣನಿಗೆ ಕಾರು ಕಲಿಸಲು ಹೊರಟರು. ನನ್ನ ಕೆಲಸ ಮೂಲೆಯಲ್ಲಿ ಉಳಿದಿದ್ದ, ಸುಲಿದು ಒಣಗಿಸಿದ ಬೀಜದ, ಎಂದರೆ ಪಾರ್ಚ್‌ಮೆಂಟು ಗುಡ್ಡೆಯ ಮುಂದೆ ನಿಂತು, ಅಣ್ಣ ಅದರ ಮೇಲೆ ಹತ್ತಿಸದಂತೆ ಕೂಗುವುದು. ಅವನು ಮೂರು ಸಲ ಹತ್ತಿಸಿದ. ನಾಲ್ಕನೇ ಸಲ ಅಪ್ಪನಿಗೆ ರೇಗಿ, "ಇಳಿ ನೀನು, ಅವಳು ಮಾಡ್ಲಿ" ಎಂದರು. ಎರಡು ಗೋಣಿಚೀಲ ಮಡಚಿ ಅದರ ಮೇಲೆ ಕೂತೆ. ಗುಡ್ಡೆಯ ಸುತ್ತ ಒಂದು ಬೀಜವನ್ನೂ ತುಳಿಯದೆ ಸುತ್ತಿ ಬಂದೆ. ಅಪ್ಪ ಮರುದಿನ ಮತ್ತೆ ಅಣ್ಣನಿಗೇ ಕಲಿಸಿದರು.

ಅಣ್ಣನ ಮಾತು ಬಂತು, ರ್‍ಯಾಲಿಯ ಮಾತನ್ನೂ ಹೇಳಬೇಕು. ನಮ್ಮ ಬೆಟ್ಟದ ಗಂಡಸರಿಗೆ ಕೊಯ್ಲು ಮುಗಿದರೆ ಕೈಕಾಲು ಕಡಿಯುತ್ತದೆ. ಜೀಪು, ಕಾರು ಬಿಚ್ಚಿ ಜೋಡಿಸಿ ಧೂಳೆಬ್ಬಿಸದಿದ್ದರೆ ನಿದ್ದೆ ಬರುವುದಿಲ್ಲ. ಒಂದು ವರ್ಷ ಅಣ್ಣನ ಪಕ್ಕದಲ್ಲಿ ಕೂತು ದಾರಿ ಹೇಳುವ ಕೆಲಸ ನನಗೆ ಬಂತು, ಅವನ ಗೆಳೆಯನಿಗೆ ಜ್ವರ ಬಂದದ್ದರಿಂದ. ಅತ್ತಿಗುಂಡಿ ಕಡೆಯ ತಿರುವುಗಳಲ್ಲಿ "ಎಡಕ್ಕೆ, ಎರಡನೇ ಗೇರು, ಈಗ ಬಿಡು, ಈಗ ಒತ್ತು" ಎಂದು ನಾನು ಹೇಳಿದಂತೆ ಅವನು ಮಾಡಿದ. ಒಂದು ಕಡೆ ದಾರಿಯ ತಿರುವು ಬರೆದ ಪುಸ್ತಕ ತಲೆಕೆಳಗೆ ಹಿಡಿದು ಯಾರದೋ ಏಲಕ್ಕಿ ತೋಟಕ್ಕೆ ನುಗ್ಗಿಸಿದ್ದೂ ನಾನೇ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಮ್ಮ ವರ್ಗದ ಕಾರುಗಳಲ್ಲಿ ಗೆದ್ದ ಕಪ್ಪು ನಮಗೇ ಬಂತು. ಅದರ ಮೇಲೆ ಕೆತ್ತಿದ್ದು ಅಣ್ಣನ ಹೆಸರೊಂದೇ. ನನ್ನನ್ನು ವೇದಿಕೆಗೆ ಕರೆದರು, ಕಪ್ಪುಗಳ ತಟ್ಟೆ ಹಿಡಿದು ನಿಲ್ಲಲು.

ಇರಲಿ, ಕ್ಯಾಮಿಗೆ ಬರುತ್ತೇನೆ. ಹೋದ ವರ್ಷ ಇಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು ಶುರುವಾಯಿತು. ಮೂಡಿಗೆರೆಯ ಉಸ್ಮಾನ್ ಸಾಬ್ರು ನಮ್ಮ ಅಪ್ಪನ ಕಾಲದಿಂದ ಈ ಕಾರಿನ ಮೆಕ್ಯಾನಿಕ್ಕು. ಬಾನೆಟ್ಟಿಗೆ ಕಿವಿ ಕೊಟ್ಟು, "ಕ್ಯಾಮು ಹೋಯ್ತು ಅಕ್ಕ" ಎಂದರು. ಬಿಚ್ಚಿದಾಗ ಒಂದು ಉಬ್ಬು ಬೋಳಾಗಿತ್ತು. ಹೊಸದು ಹಾಕಲೇಬೇಕಾದರೆ ಸ್ವಲ್ಪ ಬಲ ಬರುವಂಥದ್ದನ್ನೇ ಹಾಕೋಣ, ಇಷ್ಟು ವರ್ಷ ಏದುಸಿರು ಬಿಟ್ಟದ್ದು ಸಾಕು ಎಂದು ನನಗೆ ಆಸೆಯಾಯಿತು. ಐವತ್ತನಾಲ್ಕು ವರ್ಷದ ಹೆಂಗಸಿಗೆ ಆಸೆಯಾಗಬಾರದು ಎಂದಿದೆಯೇ. ಕೊಯಮತ್ತೂರಿನಲ್ಲಿ ಕ್ಯಾಮು ಉಜ್ಜಿ ಮಾಡಿಕೊಡುವವರೊಬ್ಬರ ನಂಬರು ಹಿಡಿದು ಫೋನ್ ಮಾಡಿದೆ. ಆತ ಮೊದಲು ಕೇಳಿದ್ದು, "ಸರ್ ಇದಾರಾ ಮೇಡಂ?" ಸರ್ ಇಲ್ಲ, ನಾನಿದ್ದೇನೆ, ಮಾತಾಡಿ ಎಂದೆ. ಪುಣ್ಯಾತ್ಮ, ಆಮೇಲೆ ಮಾತಾಡಿದ.

ನಿಮಗೂ ಅರ್ಥವಾಗಲಿ ಎಂದು ಎರಡೇ ಮಾತಿನಲ್ಲಿ ಹೇಳುತ್ತೇನೆ. ಇಂಜಿನ್ನಿಗೆ ಉಸಿರಾಡಲು ಪುಟ್ಟ ಬಾಗಿಲುಗಳಿವೆ. ಕ್ಯಾಮಿನ ಉಬ್ಬು ತಿರುಗಿ ಬಂದಾಗ ಬಾಗಿಲು ತೆರೆಯುತ್ತದೆ, ದಾಟಿ ಹೋದಾಗ ಮುಚ್ಚುತ್ತದೆ. ದೊಡ್ಡ ಉಬ್ಬಿನ ಕ್ಯಾಮು ಹಾಕಿದರೆ ಬಾಗಿಲು ಜಾಸ್ತಿ ಹೊತ್ತು ತೆರೆದೇ ಇರುತ್ತದೆ. ಬಯಲಿನಲ್ಲಿ ಕಿತ್ತುಕೊಂಡು ಓಡುವಾಗ ಅದು ಚೆನ್ನ. ನಿಧಾನಕ್ಕೆ ಹೋಗುವಾಗ ಒಳಗೆ ಬಂದ ಪೆಟ್ರೋಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಇಂಜಿನ್ನು ಕೆಮ್ಮುತ್ತದೆ. ಇನ್ನೊಂದು, ಬ್ರೇಕು ಹಗುರವಾಗಿ ಹಿಡಿಯಲು ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಲ ಬೇಕು. ದೊಡ್ಡ ಕ್ಯಾಮಿನ ಇಂಜಿನ್ನು ನಿಧಾನಕ್ಕೆ ತಿರುಗುವಾಗ ಆ ಎಳೆತ ಇರುವುದಿಲ್ಲ. ನಾನು ಪ್ರತಿ ಬುಧವಾರ ಕಳಸದ ನಮ್ಮ ಅಕ್ಕನ ಮನೆಗೆ ಹೋಗುವವಳು. ಆ ದಾರಿಯಲ್ಲಿ ಮೂರನೇ ಗೇರು ಹಾಕುವುದೇ ಒಂದು ಹಬ್ಬ. ಹೊರನಾಡಿಗೆ ಹೋಗುವ ಬಸ್ಸುಗಳ ಹಿಂದೆ ಆಮೆಯಂತೆ ತೆವಳಬೇಕು. ನನಗೆ ಬೇಕಾದ್ದು ಸಣ್ಣ ಉಬ್ಬಿನ, ರಸ್ತೆಯ ಕ್ಯಾಮು. ಎರಡನೇ ಗೇರಿನಲ್ಲಿ ಗಟ್ಟಿಯಾಗಿ ಎಳೆಯುವಂಥದ್ದು. ಅಪ್ಪನ ಹಳೆಯ ದಪ್ಪ ಪುಸ್ತಕ ಹಿಡಿದು ಮೂರು ಮಧ್ಯಾಹ್ನ ಕೂತು ಇದನ್ನೆಲ್ಲ ತಿಳಿದುಕೊಂಡೆ. ಕಾಲೇಜಿನಲ್ಲಿ ಹೀಗೆ ಓದಿದ್ದರೆ ಬೇರೆ ಏನೋ ಆಗುತ್ತಿದ್ದೆ.

ಕೊಯಮತ್ತೂರಿನವರು ಎರಡನ್ನೂ ಕಳಿಸಿದರು, ಬೇಡದ್ದನ್ನು ವಾಪಸ್ಸು ಮಾಡಿ ಎಂದು. ಸಣ್ಣ ಉಬ್ಬಿನದಕ್ಕೆ 'ರೋಡ್' ಎಂದೂ ದೊಡ್ಡದಕ್ಕೆ 'ರ್‍ಯಾಲಿ' ಎಂದೂ ಚೀಟಿ ಕಟ್ಟಿತ್ತು. ಸಾಬ್ರ ಗ್ಯಾರೇಜಿನ ಬೆಂಚಿನ ಮೇಲೆ ಎರಡನ್ನೂ ಇಟ್ಟುಕೊಂಡು ನೋಡಿ, ರೋಡ್ ಎಂದಿದ್ದದ್ದನ್ನು ಎತ್ತಿ ಅವರ ಕೈಗೇ ಕೊಟ್ಟೆ. "ಇದು ಹಾಕಿ ಸಾಬ್ರೇ" ಎಂದೆ. "ಆಯ್ತು ಅಕ್ಕ" ಎಂದರು. ಇದರಲ್ಲಿ ಗೊಂದಲ ಆಗುವಂಥದ್ದು ಏನಿದೆ, ಹೇಳಿ.

ವಾರದ ನಂತರ ಕಾರು ತರಲು ಹೋದೆ. ಸಾಬ್ರು ಕೀಲಿ ತಿರುಗಿಸಿದರು. ಕಾರು ನಿಂತಲ್ಲೇ ಗುಡುಗುಡು ಎಂದು ಹೆಗಲು ಕುಣಿಸಿತು. ಪಕ್ಕದ ಟೈರು ಅಂಗಡಿಯವರು ಹೊರಗೆ ಬಂದು ನೋಡಿದರು. ನಿಜ ಹೇಳಿಬಿಡುತ್ತೇನೆ, ನನ್ನ ಎದೆಯೂ ಕುಣಿಯಿತು. ಆ ಸದ್ದು ಹಾಗಿತ್ತು. ಇದು ಸಣ್ಣ ಕ್ಯಾಮಿನ ಸದ್ದಲ್ಲ ಎಂದು ಆ ಕ್ಷಣವೇ ತಿಳಿಯಬೇಕಿತ್ತು, ಮೂರು ಮಧ್ಯಾಹ್ನ ಓದಿದವಳಿಗೆ. ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ. ಆ ಸಿಟ್ಟು ನನ್ನ ಮೇಲೆ ನನಗೇ ಇದೆ, ಇನ್ನೂ ಹೋಗಿಲ್ಲ.

ಬುಧವಾರ ಕಳಸದ ದಾರಿ ಹಿಡಿದೆ. ಮೊದಲ ಏರು ತಿರುವಿನಲ್ಲಿ ಒಂದು ಮಿನಿ ಬಸ್ಸು ಎದುರು ನಿಂತಿತು. ಕಾರು ಎರಡು ಸಲ ಕೆಮ್ಮಿ ಆಫ್ ಆಯಿತು. ಹ್ಯಾಂಡ್‌ಬ್ರೇಕು ಎಳೆದು ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದೆ ಹೋಂಸ್ಟೇಗೆ ಬಂದ ಹುಡುಗರ ಕಾರು. ಅವರಲ್ಲಿ ಒಬ್ಬ ತಲೆ ಹೊರಗೆ ಹಾಕಿ ಫೋನಿನಲ್ಲಿ ಹಿಡಿದುಕೊಳ್ಳುತ್ತ, "ಆಂಟಿ, ಸೌಂಡ್ ಸೂಪರ್" ಎಂದ. ಅವನಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಇಳಿಜಾರಿನಲ್ಲಿ ಇನ್ನೂ ಕೆಟ್ಟದಾಯಿತು. ಮರದ ಲಾರಿಯ ಹಿಂದೆ ತೆವಳುತ್ತ, ಕ್ಲಚ್ಚು ಒತ್ತಿ, ನಾಲ್ಕೈದು ಸಲ ಬ್ರೇಕು ಮುಟ್ಟಿದ್ದೆ ಅಷ್ಟೆ. ಐದನೇ ಸಲ ಪೆಡಲು ಕಲ್ಲಾಯಿತು. ಸೀಟಿನಿಂದ ಎದ್ದು ನಿಂತು ಎರಡೂ ಕಾಲಿನಲ್ಲಿ ತುಳಿದೆ. ಲಾರಿಯ ದಿಮ್ಮಿಗಳ ತುದಿ ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ಅಕ್ಕನ ಮನೆಗೆ ಹೋಗಲಿಲ್ಲ. ಅಲ್ಲೇ ತಿರುಗಿಸಿ ಮೂಡಿಗೆರೆಗೆ ಬಂದೆ.

ಸಾಬ್ರ ಬೆಂಚಿನ ಮೇಲಿನ ಹಲಗೆಯಲ್ಲಿ ಎಣ್ಣೆ ಕಾಗದ ಸುತ್ತಿದ ಕ್ಯಾಮು ಇತ್ತು. ಚೀಟಿ ನೋಡಿದೆ. ರೋಡ್.

"ಸಾಬ್ರೇ, ನಾನು ಯಾವುದು ಕೊಟ್ಟಿದ್ದೆ?"

"ಅದೇ ಕೊಟ್ಟಿದ್ರಿ ಅಕ್ಕ."

"ಮತ್ತೆ?"

ಸಾಬ್ರು ಕೈ ಒರೆಸಿಕೊಂಡರು. ಸುಳ್ಳು ಹೇಳುವ ಮನುಷ್ಯರಲ್ಲ. "ಇಂಜಿನ್ ಕೆಲಸ ಅಲ್ವಾ, ದೊಡ್ಡ ಕೆಲಸ. ನಿಮ್ಮನೆ ಗೌಡ್ರಿಗೆ ಒಂದು ಮಾತು ಕೇಳಿಬಿಡುವ ಅಂತ ಫೋನ್ ಮಾಡಿದೆ. ದೊಡ್ಡದೇ ಹಾಕಿ ಅಂದ್ರು."

"ಗೌಡ್ರಿಗೆ ಕಾರು ಬಿಡ್ಲಿಕ್ಕೆ ಬರ್ತದಾ ಸಾಬ್ರೇ?"

"ಬರೂದಿಲ್ಲ."

"ಬಾನೆಟ್ಟು ಎಲ್ಲಿ ತೆರೀತದೆ ಅಂತ ಗೊತ್ತುಂಟಾ?"

ಸಾಬ್ರು ಕೈ ಒರೆಸಿದ ಬಟ್ಟೆ ಮಡಚುತ್ತ, "ಮರ್ಯಾದೆಗೆ ಕೇಳಿದ್ದು ಅಕ್ಕ" ಎಂದರು. ನನಗೆ ತಡೆಯಲಾರದ ಸಿಟ್ಟು ಬಂದದ್ದು ಅಲ್ಲಿ. ಮರ್ಯಾದೆ ಯಾರಿಗೆ? ಕಾರಿನ ಹೊರಗೆ ಬಣ್ಣ ಹಚ್ಚುವಾಗ, ಸೀಟಿಗೆ ಬಟ್ಟೆ ಹಾಕುವಾಗ ನನ್ನನ್ನೇ ಕೇಳುತ್ತಾರೆ. ಒಳಗೆ ಕೈ ಹಾಕುವಾಗ ಗೌಡರನ್ನು ಕೇಳುತ್ತಾರೆ. ಇವರೊಬ್ಬರೇ ಅಲ್ಲ. ಬಾವಿ ತೋಡುವವರು, ಮರ ಕೊಳ್ಳುವವರು, ಗೊಬ್ಬರದ ಅಂಗಡಿಯವರು, ಎಲ್ಲರೂ ನನ್ನ ಹತ್ತಿರ ಒಂದು ಗಂಟೆ ಮಾತಾಡಿ, ಆಯ್ತು ಅಕ್ಕ ಎಂದು, ಗೇಟಿನ ಹೊರಗೆ ಹೋಗಿ ಗೌಡರಿಗೆ ಫೋನ್ ಮಾಡುತ್ತಾರೆ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಸರಿಯಾಗಿಯೇ ಆಗುತ್ತದಲ್ಲ ಎಂದು ಬಿಟ್ಟಿದ್ದೆ, ಏಕೆಂದರೆ ಗೌಡರು ಸಾಮಾನ್ಯವಾಗಿ "ಅವಳು ಹೇಳಿದ ಹಾಗೆ ಮಾಡಿ" ಎನ್ನುತ್ತಾರೆ. ಈ ಸಲ ಮಾತ್ರ ಅವರಿಗೆ ಒಂದು ಸ್ವಂತ ಅಭಿಪ್ರಾಯ ಹುಟ್ಟಿಬಿಟ್ಟಿತು.

ನನ್ನ ಗಂಡ ಮಂಜಪ್ಪಗೌಡರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಒಮ್ಮೆ ಜಗಳವಾಡಿ ಮುಗಿಸಬಹುದಿತ್ತು. ಘಾಟಿಯಲ್ಲಿ ಅವರಿಗೆ ವಾಂತಿ ಬರುತ್ತದೆ, ಅದಕ್ಕೆ ಕಾರು ಕಲಿಯಲೇ ಇಲ್ಲ. ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂರುತ್ತಾರೆ. ಆದರೆ ಅವರಲ್ಲಿ ನಮ್ಮ ಬೆಟ್ಟದ ಎಲ್ಲ ಗೌಡರಲ್ಲಿರುವ ಒಂದು ಕಾಯಿಲೆ ಇದೆ. ದೊಡ್ಡದು ಬೇಕೋ ಸಣ್ಣದು ಬೇಕೋ ಎಂದು ಯಾರಾದರೂ ಕೇಳಿದರೆ ಇವರ ಬಾಯಿಂದ ಸಣ್ಣದು ಎಂಬ ಮಾತು ಹೊರಡುವುದಿಲ್ಲ. ಅಂಗಡಿಯವ ಕೇಳಿದನೆಂದು ದೊಡ್ಡ ಪಂಪು ತಂದರು. ಅದು ಹತ್ತು ನಿಮಿಷದಲ್ಲಿ ಹಳ್ಳದ ಗುಂಡಿ ಖಾಲಿ ಮಾಡಿ ಕೆಸರು ಉಗುಳಿತು. ಗೇಟು ಮಾಡಿಸುವಾಗ ದೊಡ್ಡದೇ ಇರಲಿ ಎಂದರು. ಅದನ್ನು ತೆರೆಯಲು ಇಬ್ಬರು ಬೇಕು, ಹಾಗಾಗಿ ಅದು ಯಾವಾಗಲೂ ತೆರೆದೇ ಇರುತ್ತದೆ.

ಮನೆಗೆ ಬಂದು ಕೇಳಿದೆ. ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ಸಾಬ್ರು ಫೋನ್ ಮಾಡಿದ್ರಾ ನಿಮಗೆ?"

"ಮಾಡಿದ್ರು. ಎರಡುಂಟು, ಸಣ್ಣದು ದೊಡ್ಡದು, ಯಾವುದು ಹಾಕ್ಲಿ ಅಂದ್ರು. ನಿನ್ನ ಗಾಡಿಗೆ ಸಣ್ಣದು ಹಾಕಿ ಅಂತ ನಾನು ಹೆಂಗೆ ಹೇಳೂದು ಮಾರಾಯ್ತಿ?"

"ನಾನೇ ಹೇಳಿ ಬಂದಿದ್ನಲ್ಲ ಸಣ್ಣದು ಅಂತ."

"ನೀನು ಹೇಳಿದ್ರೆ ಅದು ಉಳಿತಾಯ. ನಾನು ಹೇಳಿದ್ರೆ ಹೆಂಡ್ತಿ ಗಾಡಿಗೆ ಪಿಟ್ಟಾಸಿತನ ಮಾಡಿದ ಅಂತ ಆಗ್ತದೆ." ಪೇಪರು ಮಡಚಿ, ನಿಜವಾಗಿಯೂ ಸಂತೋಷದಿಂದ ಕೇಳಿದರು, "ಚೆನ್ನಾಗಿ ಎಳೀತದಾ?"

ನಾನು ಲಾರಿಯ ವಿಷಯ ಬಾಯಲ್ಲಿ ಹೇಳಲಿಲ್ಲ. "ಬನ್ನಿ" ಎಂದೆ. ಚಾರ್ಮಾಡಿ ಘಾಟಿಯ ತಲೆಯಲ್ಲಿ ಸಮತಟ್ಟಾದ ಜಾಗ ನೋಡಿ ಕಾರು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ನು ಆರಿಸದೆ ಅವರನ್ನು ನನ್ನ ಸೀಟಿನಲ್ಲಿ ಕೂರಿಸಿದೆ. ಬದುಕಿನಲ್ಲಿ ಮೊದಲ ಸಲ ಅವರು ಸ್ಟೇರಿಂಗ್ ಹಿಂದೆ ಕೂತಿದ್ದರು. ನಿಂಬೆಹಣ್ಣು ಕೈಯಲ್ಲೇ ಇತ್ತು.

"ನಡುವಿನದ್ದು ಬ್ರೇಕು. ಒತ್ತಿ."

"ಒತ್ತಿದೆ."

"ಬಿಟ್ಟು ಇನ್ನೊಂದ್ಸಲ ಒತ್ತಿ. ಇನ್ನೊಂದ್ಸಲ."

ನಾಲ್ಕನೆಯದಕ್ಕೆ ಅವರ ಮುಖ ಬದಲಾಯಿತು. "ಇದೆಂತದು, ಇಳೀತಾನೇ ಇಲ್ಲ" ಎಂದರು.

"ಹಂಗೇ ಇಳಿಯದೆ ಬೆಳಿಗ್ಗೆ ನಾನು ಮರದ ಲಾರಿ ಹಿಂದೆ ಹೋದೆ. ದಿಮ್ಮಿ ಗಾಜಿಗೆ ಬರ್ಲಿಕ್ಕೆ ಇಷ್ಟು ಇತ್ತು." ಗೇಣು ತೋರಿಸಿದೆ.

ಅವರು ಆ ಗೇಣನ್ನೇ ನೋಡಿದರು. ಮತ್ತೊಮ್ಮೆ ತುಳಿದು ನೋಡಿದರು. "ನಾನು ಒಳ್ಳೇದಾಗ್ಲಿ ಅಂತಲೇ ಹೇಳಿದ್ದು ಸುಜಾತ" ಎಂದರು. ಗೊತ್ತು. ಅದು ಗೊತ್ತಿಲ್ಲದಿದ್ದರೆ ನಾನು ಇಷ್ಟು ವರ್ಷ ಈ ಮನೆಯಲ್ಲಿ ಇರುತ್ತಿರಲಿಲ್ಲ. ಆದರೆ ನನಗೆ ಒಳ್ಳೆಯದಾಗಲಿ ಎಂದು ನನ್ನನ್ನು ಕೇಳದೆ ಮಾಡಿದ್ದನ್ನೆಲ್ಲ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಮತ್ತು ಅದಕ್ಕೆ ಕ್ಷಮೆ ಕೇಳಬೇಕೆಂದು ನನಗೆ ಅನ್ನಿಸುವುದಿಲ್ಲ.

ಮರುದಿನ ಇಬ್ಬರೂ ಮೂಡಿಗೆರೆಗೆ ಹೋದೆವು. ಅವರು ತಾವಾಗಿಯೇ ಬರುತ್ತೇನೆ ಎಂದರು. ಗ್ಯಾರೇಜಿನಲ್ಲಿ ಆ ಹೊತ್ತಿಗೆ ಜೀಪು ರಿಪೇರಿಗೆ ಬಂದ ಇಬ್ಬರು ಪ್ಲಾಂಟರುಗಳು ಕೂತಿದ್ದರು. ಸಾಬ್ರು ಹಲಗೆಯಿಂದ ಎಣ್ಣೆ ಕಾಗದದ ಪೊಟ್ಟಣ ಇಳಿಸಿ ಬಿಚ್ಚಿದರು. ಬಿಚ್ಚಿ, ಇಷ್ಟೆಲ್ಲ ಆದ ಮೇಲೂ, ನನ್ನ ಗಂಡನ ಕಡೆ ತಿರುಗಿ, "ಹಂಗಾದ್ರೆ ಇದನ್ನೇ ಹಾಕ್ಲಾ ಗೌಡ್ರೇ?" ಎಂದರು.

ಗೌಡರು ಗಂಟಲು ಸರಿಮಾಡಿಕೊಂಡರು. "ಹೂಂ, ಸಣ್ಣದೇ ಹಾಕಿ" ಎಂದರು. ಇಬ್ಬರು ಪ್ಲಾಂಟರುಗಳ ಎದುರು ಹಾಗೆ ಹೇಳುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತಿತ್ತು. ಕಿವಿ ಕೆಂಪಾಗಿತ್ತು. ಸಾಬ್ರು ಸ್ಪಾನರು ಎತ್ತಿಕೊಂಡರು. ಕೆಲಸ ಆಗುವುದರಲ್ಲಿತ್ತು, ನಾನು ಕೇಳಿದ್ದೇ ಆಗುವುದರಲ್ಲಿತ್ತು. ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

"ನಿಲ್ಲಿ ಸಾಬ್ರೇ" ಎಂದೆ. "ಅವರನ್ನು ಕೇಳ್ಬೇಡಿ. ನನ್ನನ್ನು ಕೇಳಿ."

ಪ್ಲಾಂಟರುಗಳು ತಮ್ಮ ಜೀಪಿನ ಟೈರು ನೋಡತೊಡಗಿದರು. ಗೌಡರು ನನ್ನನ್ನು ನೋಡಿದರು, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಬಳಿ ನಿಂತರು. ನಾನು ಹೆದರಿದ್ದೆ ಎಂದರೆ ನೀವು ನಂಬುವುದಿಲ್ಲ. ಸಾಬ್ರು ನನ್ನನ್ನು ಕೇಳದೇ ಹೋದರೆ ಏನು ಮಾಡಲಿ ಎಂದು ಹೆದರಿದ್ದೆ. ಸಾಬ್ರು ಸ್ಪಾನರು ಕೆಳಗಿಟ್ಟರು. ಎರಡೂ ಕೈಯನ್ನು ಬಟ್ಟೆಯಲ್ಲಿ, ಒಂದೊಂದೇ ಬೆರಳು, ಒರೆಸಿಕೊಂಡರು.

"ಅಕ್ಕ," ಎಂದರು, "ಯಾವುದು ಹಾಕ್ಲಿ?"

ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಉಬ್ಬಿನ ಅಳತೆ, ಬಾಗಿಲು ತೆರೆಯುವ ಹೊತ್ತು, ಕಳಸದ ರಸ್ತೆ, ಎರಡನೇ ಗೇರು, ಎಲ್ಲವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಒಳ್ಳೆಯ ಬೈಗುಳದ ಜೊತೆ. ಒಂದೂ ಬೇಕಾಗಲಿಲ್ಲ. "ಸಣ್ಣದು" ಎಂದೆ. ಸಾಬ್ರು ಗೌಡರ ಕಡೆ ನೋಡದೆ ಕೆಲಸಕ್ಕೆ ಬಾಗಿದರು. ನನಗೆ ಅಳು ಬಂದುಬಿಟ್ಟಿತು. ಅಲ್ಲಿದ್ದವರೆಲ್ಲ ಅದು ಸಿಟ್ಟಿನ ಅಳು ಎಂದು ತಿಳಿದುಕೊಂಡರು, ಹಾಗೇ ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟುಬಿಟ್ಟೆ.